ಬಿಸಿನೀರಿಗೆ ಬಗ್ಗದ ಜಿಡ್ಡು

ಅಡುಗೆಮನೆಯ ಸಿಂಕು ಕಟ್ಟಿಕೊಂಡಿತೆಂದರೆ ನಮ್ಮ ಭಾಗದಲ್ಲಿ ಸಿಗುವ ಸಲಹೆ ಒಂದೇ: "ಒಂದ್ ಬೋಗಾಣಿ ಕುದಿಯೋ ನೀರ ಸುರೀರಿ, ಎಲ್ಲಾ ಕರಗಿ ಹೋಗತೈತಿ." ಸೊರಟೂರಿನ ಓಣಿಗಳಲ್ಲಿಯೂ ಇದೇ ಮಾತು, ಗದಗ-ಬೆಟಗೇರಿಯ ಹೊಸ ಬಡಾವಣೆಗಳಲ್ಲಿಯೂ ಇದೇ ಮಾತು. ನಲ್ಲಿ ರಿಪೇರಿಗೆ ಬಂದವರು ಹೇಳುವುದೂ ಇದನ್ನೇ, ಮೊಬೈಲಿನ ವಿಡಿಯೊಗಳು ಹೇಳುವುದೂ ಇದನ್ನೇ. ಇದರ ಬೆನ್ನಿಗೆ ಇನ್ನೆರಡು ನಂಬಿಕೆಗಳಿವೆ. ಪೈಪು ಸಣ್ಣದಾಯಿತು, ದೊಡ್ಡದು ಹಾಕಿಸಿದ್ದರೆ ಈ ಕಾಟ ಇರುತ್ತಿರಲಿಲ್ಲ ಎಂಬುದು ಒಂದು. ಮನೆಯ ಗೋಡೆ ದಾಟಿದ ಮೇಲೆ ಅದು ಪಂಚಾಯಿತಿಯ ಗಟಾರ, ಅವರು ನೋಡಿಕೊಳ್ಳಲಿ ಎಂಬುದು ಇನ್ನೊಂದು. ಈ ಮೂರು ಮಾತುಗಳೂ ತಪ್ಪು, ಮತ್ತು ಮೂರೂ ಒಂದೇ ತಪ್ಪಿನ ಮಕ್ಕಳು. ಎಣ್ಣೆಯನ್ನು ನೀರಿಗೆ ಕೂಡಿಸಿದ ಮೇಲೆ ಅದನ್ನು ನಿಭಾಯಿಸಬಹುದು ಎಂದು ನಾವು ನಂಬಿದ್ದೇವೆ. ನಿಭಾಯಿಸಲು ಆಗುವುದಿಲ್ಲ. ನೀರು ಮುಟ್ಟುವ ಮೊದಲೇ ಎಣ್ಣೆಯನ್ನು ಬೇರ್ಪಡಿಸಬೇಕು. ಉಳಿದದ್ದೆಲ್ಲ ಕಷ್ಟವನ್ನು ಒಬ್ಬರ ಮನೆಯಿಂದ ಇನ್ನೊಬ್ಬರ ಬಾಗಿಲಿಗೆ ಸಾಗಿಸುವ ಕೆಲಸ.

ಮೊದಲು ಬಿಸಿನೀರಿನ ವಿಚಾರಕ್ಕೆ ಬರೋಣ. ವನಸ್ಪತಿ ಮತ್ತು ಪಾಮ್ ಎಣ್ಣೆ ಸುಮಾರು 35 ಡಿಗ್ರಿಯ ಆಚೀಚೆ ಕರಗುತ್ತವೆ. ಕುದಿಯುವ ನೀರು ಬಿದ್ದರೆ ಕರಗುವುದು ನಿಜ. ಆದರೆ ಆ ನೀರು ಪೈಪಿನೊಳಗೆ ಎಷ್ಟು ದೂರ ಬಿಸಿಯಾಗಿರುತ್ತದೆ? ನಾಲ್ಕೈದು ಮಾರು ಹೋಗುವುದರೊಳಗೆ ತಣ್ಣಗಾಗುತ್ತದೆ, ಚಳಿಗಾಲದ ಮುಂಜಾನೆಯಲ್ಲಿ ಇನ್ನೂ ಬೇಗ. ಅಲ್ಲಿಗೆ ಕರಗಿದ ಎಣ್ಣೆ ಮತ್ತೆ ಗಟ್ಟಿಯಾಗಿ ಪೈಪಿನ ಒಳಮೈಗೆ ಅಂಟಿಕೊಳ್ಳುತ್ತದೆ. ಮೊದಲು ಸಿಂಕಿನ ಕೆಳಗೆ, ಕೈಗೆ ಸಿಗುವ ಬೆಂಡಿನಲ್ಲಿ ಕೂತಿದ್ದ ಜಿಡ್ಡು ಈಗ ಗೋಡೆಯೊಳಗೋ ಅಂಗಳದ ಪರಸಿಯ ಕೆಳಗೋ ಹೋಗಿ ಕೂತಿರುತ್ತದೆ. ಕೈಯಿಂದ ತೆಗೆಯಬಹುದಾಗಿದ್ದ ಕೊಳೆಯನ್ನು ಗೋಡೆ ಒಡೆದು ತೆಗೆಯಬೇಕಾದ ಕೊಳೆ ಮಾಡಿದ್ದೇ ಬಿಸಿನೀರು. ನೀರು ದಿನ ಬಿಟ್ಟು ದಿನ ಬರುವ, ಒಮ್ಮೊಮ್ಮೆ ವಾರಗಟ್ಟಲೆ ಬಾರದ ಈ ಸೀಮೆಯಲ್ಲಿ ಬೋಗಾಣಿಗಟ್ಟಲೆ ನೀರನ್ನು ಗ್ಯಾಸ್ ಉರಿಸಿ ಕಾಯಿಸಿ ಗಟಾರಕ್ಕೆ ಚೆಲ್ಲುವುದನ್ನು ಉಪಾಯ ಎಂದು ಕರೆಯುವುದೇ ನನಗೆ ನೋವಿನ ವಿಷಯ.

"ನಾವು ಪಾಮ್ ಎಣ್ಣಿ ಬಳಸೂದಿಲ್ರಿ, ಶೇಂಗಾ ಎಣ್ಣಿ, ಕುಸುಬಿ ಎಣ್ಣಿ. ಅವು ಗಟ್ಟಿ ಆಗೂದಿಲ್ಲಲ್ಲ?" ಎಂದು ಒಬ್ಬ ಹಿರಿಯರು ಕೇಳಿದರು. ಒಳ್ಳೆಯ ಪ್ರಶ್ನೆ, ಮತ್ತು ಉತ್ತರ ಅಲ್ಲಿಯೇ ಇದೆ. ಶೇಂಗಾ ಎಣ್ಣೆ ನಮ್ಮ ಯಾವ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಆದರೂ ಶೇಂಗಾ ಎಣ್ಣೆ ಬಳಸುವ ಮನೆಯ ಪೈಪುಗಳೂ ಕಟ್ಟುತ್ತವೆ. ಕಾರಣ, ಪೈಪಿನಲ್ಲಿ ಕೂತಿರುವುದು ಬರೀ ಎಣ್ಣೆಯಲ್ಲ. ಕರಿದ ಎಣ್ಣೆ ಕಾದು ಕಾದು ಒಡೆದು ಅದರಲ್ಲಿ ಕೊಬ್ಬಿನ ಆಮ್ಲಗಳು ಬಿಡಿಯಾಗುತ್ತವೆ. ಗಟಾರದ ಸೂಕ್ಷ್ಮಾಣುಗಳೂ ಎಣ್ಣೆಯನ್ನು ಒಡೆದು ಇದೇ ಆಮ್ಲಗಳನ್ನು ಮಾಡುತ್ತವೆ. ಈ ಆಮ್ಲಗಳಿಗೆ ನೀರಿನ ಸುಣ್ಣದಂಶ ಸಿಕ್ಕರೆ ಒಂದು ಬಗೆಯ ಗಟ್ಟಿ ಸಾಬೂನು ಹುಟ್ಟುತ್ತದೆ. ನಾವು ಮೈಗೆ ಹಚ್ಚುವ ಸಾಬೂನು ನೀರಿನಲ್ಲಿ ಕರಗುತ್ತದೆ, ಈ ಸುಣ್ಣದ ಸಾಬೂನು ಕರಗುವುದಿಲ್ಲ. ಬಿಸಿನೀರಿಗೂ ಇಲ್ಲ, ತಣ್ಣೀರಿಗೂ ಇಲ್ಲ. ಸುಣ್ಣದಂಶ ನಮ್ಮಲ್ಲಿ ಎಷ್ಟಿದೆ ಎಂಬುದನ್ನು ಬೋರಿನ ನೀರು ಕಾಯಿಸಿದ ಪಾತ್ರೆಯ ತಳದ ಬಿಳಿ ಪದರೇ ಹೇಳುತ್ತದೆ. ಗದಗ, ಮುಂಡರಗಿ, ಶಿರಹಟ್ಟಿ ಕಡೆಯ ಕೊಳವೆಬಾವಿಗಳ ನೀರು ಗಡಸು. ಸಾಬೂನಿಗೆ ನೊರೆ ಬಾರದೆ ಪರದಾಡಿದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಸಾಲದೆಂಬಂತೆ ಸಿಮೆಂಟಿನ ಗಟಾರವೂ ತನ್ನ ಮೈಯಿಂದ ಸುಣ್ಣದಂಶ ಬಿಡುತ್ತದೆ. ಹೀಗಾಗಿ ನಮ್ಮ ಊರುಗಳಲ್ಲಿ ಈ ಜಿಡ್ಡು ಮೆತ್ತಗಿನ ತುಪ್ಪದಂತಿರದೆ ಕೆರೆದು ತೆಗೆಯಬೇಕಾದ ಪದರಾಗಿರುತ್ತದೆ.

ಸೊರಟೂರಿನ ಒಂದು ಮನೆಯಲ್ಲಿ ಸಿಂಕಿನ ಕೆಳಗಿನ ಬೆಂಡು ಬಿಚ್ಚುವಾಗ ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಹಬ್ಬದ ಮಾರನೆಯ ದಿನ. ಕೆಳಗೆ ಬಕೀಟು ಇಟ್ಟು ತಿರುಪು ಸಡಿಲಿಸಿದಾಗ ಮೊದಲು ಕಪ್ಪು ನೀರು ಇಳಿಯಿತು, ಅದರ ಹಿಂದೆ ಕೊಳೆತ ಮೊಟ್ಟೆಯ ನಾತ. ಬೆಂಡಿನ ಒಳಗಿನ ಬಾಯಿ ಹೆಬ್ಬೆರಳು ತೂರಿಸಲೂ ಆಗದಷ್ಟು ಕಿರಿದಾಗಿತ್ತು. ಸುತ್ತಲೂ ಗಾಣದ ಕಲ್ಲಿಗೆ ಮೆತ್ತಿದ ಹಿಂಡಿಯಂತೆ ಬೂದು ಬಣ್ಣದ ಪದರ ಕೂತಿತ್ತು. ಚಮಚದ ಹಿಡಿಯಿಂದ ಕೆರೆದರೆ ಹುಡಿಹುಡಿಯಾಗಿ ಉದುರಿತು. ಅದರೊಳಗೆ ಸಾಸಿವೆ ಕಾಳು, ಕರಿಬೇವಿನ ದಂಟು, ಒಂದು ಕೂದಲ ಸಿಂಬಿ, ಚಹಾಪುಡಿ. ಪದರು ಪದರಾಗಿ ಒಂದರ ಮೇಲೊಂದು ಕೂತ ಈ ವಸ್ತುಗಳನ್ನು ಹಿಡಿದಿಟ್ಟಿದ್ದು ಜಿಡ್ಡು. ಆ ಮನೆಯ ಯಜಮಾನ ಬಾಗಿಲಲ್ಲಿ ನಿಂತು, "ಹೆಣಮಕ್ಕಳಿಗೆ ಎಷ್ಟ ಹೇಳಿದರೂ ಕೇಳೂದಿಲ್ರಿ, ಸಿಂಕಿಗೆ ಏನೇನರ ಹಾಕತಾರ" ಎಂದರು. ಒಳಗಿನಿಂದ ಅವರ ತಾಯಿ ತಟ್ಟನೆ ಉತ್ತರ ಕೊಟ್ಟರು: "ತಾಟಿನ್ಯಾಗ ಎಣ್ಣಿ ಬಿಟ್ಟ ಎದ್ದಾವ್ರು ಯಾರಪಾ?"

ಆ ತಾಯಿ ಹೇಳಿದ್ದೇ ಸರಿ. ಸಿಂಕು ಕಟ್ಟಿದಾಗಲೆಲ್ಲ ಭಾಂಡೆ ತಿಕ್ಕುವವರ ಮೇಲೆ ಬೈಗುಳ ಬೀಳುತ್ತದೆ. ಆದರೆ ಎಣ್ಣೆಗಾಯಿಯ ಎಣ್ಣೆಯನ್ನು ತಾಟಿನಲ್ಲಿ ಅರ್ಧ ಬಿಟ್ಟು ಕೈ ತೊಳೆಯಲು ಎದ್ದವರು ಬೇರೆ, ಇಳಿಜಾರಿಲ್ಲದೆ ಪೈಪು ಹಾಕಿದ ಗೌಂಡಿ ಬೇರೆ, ಸಿಂಕಿನ ಬಾಯಿಗೆ ಒಂದು ಜಾಳಿಗೆ ತರಲು ಹತ್ತು ಸಲ ಹೇಳಿಸಿಕೊಂಡವರು ಬೇರೆ. ಹಳೆಯ ಮನೆಗಳಲ್ಲಿ ಈ ತೊಂದರೆ ಯಾಕಿರಲಿಲ್ಲ ಎಂದು ಕೇಳಿದರೆ "ಆಗ ಎಣ್ಣೆ ಕಡಿಮೆ ಬಳಸುತ್ತಿದ್ದರು" ಎನ್ನುತ್ತಾರೆ. ಅದು ಅರ್ಧ ಉತ್ತರ. ಇನ್ನರ್ಧ ಉತ್ತರ ಕೆಲಸದ ಕ್ರಮದಲ್ಲಿದೆ. ಜೋಳದ ರೊಟ್ಟಿಯ ಕೊನೆಯ ತುಣುಕಿನಿಂದ ತಾಟು ಒರೆಸಿ ತಿನ್ನುತ್ತಿದ್ದರು. ಗಡಿಗೆ, ಬೋಗಾಣಿಗಳಿಗೆ ಚೂರು ನೀರು ಹಾಕಿ ಗಲಬರಿಸಿ ಆ ಮುಸುರೆಯನ್ನು ಎಮ್ಮೆಯ ಬಾನಿಗೆ ಸುರಿಯುತ್ತಿದ್ದರು. ಆಮೇಲೆ ಒಲೆಯ ಬೂದಿ ಹಾಕಿ ತಿಕ್ಕುತ್ತಿದ್ದರು. ಬೂದಿ ಎಣ್ಣೆಯನ್ನು ಹೀರುತ್ತದೆ, ಅದರೊಳಗಿನ ಕ್ಷಾರ ಎಣ್ಣೆಯನ್ನು ಸಡಿಲಿಸುತ್ತದೆ. ಎಲ್ಲಕ್ಕಿಂತ ಕೊನೆಗೆ ನೀರು. ಆ ನೀರು ಹಿತ್ತಲಿನ ಬಾಳೆ ಬುಡಕ್ಕೆ ಹೋಗುವಾಗ ಅದರಲ್ಲಿ ಎಣ್ಣೆ ಇರುತ್ತಿದ್ದುದೇ ಇಷ್ಟಿಷ್ಟು. ಇದನ್ನು ಹೇಳಿ ನಾನು ಯಾವ ಸೊಸೆಯನ್ನೂ ಮತ್ತೆ ಬೂದಿ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂರಿಸಲು ಹೊರಟಿಲ್ಲ. ಬೂದಿಯಿಂದ ಬಿರಿದ ಕೈಗಳನ್ನು ನಾನು ಕಂಡಿದ್ದೇನೆ. ಉಳಿಸಿಕೊಳ್ಳಬೇಕಾದದ್ದು ಆ ಕ್ರಮವನ್ನು ಮಾತ್ರ: ಮೊದಲು ಎಣ್ಣೆ ತೆಗೆ, ಆಮೇಲೆ ನೀರು ಮುಟ್ಟಿಸು. ನಾವು ಸಿಂಕು ತಂದೆವು, ಕ್ರಮವನ್ನು ತಲೆಕೆಳಗು ಮಾಡಿದೆವು. ಈಗ ಮೊದಲು ನಲ್ಲಿ ತಿರುಗುತ್ತದೆ.

ಸಾಬೂನಿನ ಮೇಲಿನ ನಂಬಿಕೆಯೂ ಇದೇ ಜಾತಿಯದು. ಭಾಂಡೆ ತಿಕ್ಕುವ ಲಿಕ್ವಿಡ್ ಎಣ್ಣೆಯನ್ನು ನಾಶ ಮಾಡುವುದಿಲ್ಲ, ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿಸುತ್ತದೆ. ಮುಂದೆ ಹೆಚ್ಚು ನೀರು ಕೂಡಿ ಸಾಬೂನಿನ ಅಂಶ ತೆಳುವಾದಂತೆ ಹನಿಗಳು ಮತ್ತೆ ಒಂದಾಗುತ್ತವೆ. ಸೋಡಾಪುಡಿ ಮತ್ತು ವಿನೆಗರ್ ಕೂಡಿಸಿ ಸುರಿಯುವ ವಿಡಿಯೊಗಳನ್ನು ಜನ ಭಕ್ತಿಯಿಂದ ನೋಡುತ್ತಾರೆ. ಬುರುಬುರು ನೊರೆ ಬಂದದ್ದಕ್ಕೆ ಕೆಲಸ ಆಯಿತು ಎಂದುಕೊಳ್ಳುತ್ತಾರೆ. ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಒಂದನ್ನೊಂದು ತಟಸ್ಥ ಮಾಡಿ ಗಾಳಿಗುಳ್ಳೆ ಮತ್ತು ಉಪ್ಪುನೀರು ಉಳಿಸುತ್ತವೆ. ಜಿಡ್ಡು ಇದ್ದಲ್ಲಿಯೇ ಇರುತ್ತದೆ.

ಇವೆಲ್ಲ ವ್ಯರ್ಥ ಕೆಲಸಗಳು, ಅಷ್ಟೇ. ಅಪಾಯದ ಕೆಲಸ ಇನ್ನೊಂದಿದೆ. ಕಿರಾಣಿ ಅಂಗಡಿಯಲ್ಲಿ ಸಣ್ಣ ಪಾಕೀಟಿನಲ್ಲಿ ಸಿಗುವ ಪೈಪು ತೆರೆಯುವ ಪುಡಿಯಲ್ಲಿ ಇರುವುದು ಮುಖ್ಯವಾಗಿ ಕಾಸ್ಟಿಕ್ ಸೋಡಾ. ನೀರು ತಾಗಿದ ಕೂಡಲೇ ಅದು ಭಾರಿ ಶಾಖ ಕಾರುತ್ತದೆ. ಕಟ್ಟಿಕೊಂಡ ಪೈಪಿನಲ್ಲಿ ಆ ಶಾಖಕ್ಕೆ ಹೋಗಲು ದಾರಿಯಿರುವುದಿಲ್ಲ, ಪಿವಿಸಿ ಮೆತ್ತಗಾಗಿ ಜಾಯಿಂಟು ಸಡಿಲಾಗುತ್ತದೆ, ಕೆಲವೊಮ್ಮೆ ಆ ಕ್ಷಾರ ಹಿಂದಕ್ಕೆ ಚಿಮ್ಮಿ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಆಸಿಡ್‌ಗಿಂತ ಕ್ಷಾರ ಹೆಚ್ಚು ಆಳಕ್ಕೆ ಇಳಿಯುತ್ತದೆ. ಪುಡಿ ಕೆಲಸ ಮಾಡಲಿಲ್ಲವೆಂದು ಅದರ ಮೇಲೆ ಬಾತ್‌ರೂಮಿನ ಆಸಿಡ್ ಸುರಿಯುವವರಿದ್ದಾರೆ. ಹಾಗೆ ಎಂದೂ ಮಾಡಬೇಡಿ, ಎರಡೂ ಕೂಡಿ ಕುದಿದು ಮುಖಕ್ಕೆ ಹಾರುತ್ತವೆ. ಬ್ಲೀಚಿಂಗ್ ಪೌಡರ್ ಹಾಕಿದ ಮೋರಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ಅದು ಉಸಿರು ಕಟ್ಟಿಸುತ್ತದೆ. ಇಷ್ಟೆಲ್ಲ ಗಂಡಾಂತರ ಮೈಮೇಲೆ ಎಳೆದುಕೊಂಡರೂ ಕಾಸ್ಟಿಕ್ ಸೋಡಾ ಮಾಡುವುದು ಜಿಡ್ಡನ್ನು ಸಾಬೂನು ಮಾಡುವುದಷ್ಟೇ, ಮತ್ತು ಆ ಸಾಬೂನು ನಮ್ಮ ಗಡಸು ನೀರಿನಲ್ಲಿ ಮುಂದೆಲ್ಲೋ ಮತ್ತೆ ಗಟ್ಟಿ ಪದರಾಗುತ್ತದೆ.

ದೊಡ್ಡ ಪೈಪಿನ ವಾದ ಕೇಳಲು ನ್ಯಾಯವಾಗಿ ಕಾಣುತ್ತದೆ. ಎರಡಿಂಚು ಕಟ್ಟಿತು, ನಾಲ್ಕಿಂಚು ಹಾಕಿಸಿ. ಆದರೆ ಸಿಂಕಿನಿಂದ ಇಳಿಯುವ ನೀರು ಅಷ್ಟೇ. ಅದೇ ನೀರು ಅಗಲವಾದ ಪೈಪಿನಲ್ಲಿ ತಳದಲ್ಲಿ ತೆಳ್ಳಗೆ ಹರಡಿ ನಿಧಾನವಾಗಿ ತೆವಳುತ್ತದೆ. ಕೊಳೆಯನ್ನು ಎತ್ತಿ ಒಯ್ಯಲು ನೀರಿಗೆ ಸೆಕೆಂಡಿಗೆ ಎರಡು ಅಡಿಯಷ್ಟಾದರೂ ವೇಗ ಬೇಕು. ಆ ವೇಗ ಕೊಡುವುದು ಇಳಿಜಾರು. ಸಣ್ಣ ಪೈಪಿಗೆ ಅಡಿಗೆ ಕಾಲಿಂಚು ಇಳಿಜಾರು, ಲಂಬಕೋನದ ಎಲ್ಬೋ ಬದಲು ಅಗಲ ತಿರುವಿನ ಬೆಂಡು, ಪ್ರತಿ ತಿರುವಿಗೆ ಬಿಚ್ಚಿ ನೋಡುವ ಒಂದು ಬಾಯಿ: ಇಷ್ಟು ಮಾಡಿದರೆ ಎರಡಿಂಚು ಸಾಕು. ನಮ್ಮಲ್ಲಿ ಮನೆ ಕಟ್ಟುವಾಗ ಟೈಲ್ಸಿನ ಬಣ್ಣಕ್ಕೆ ಮೂರು ಊರು ತಿರುಗುವವರು ಮೋರಿಯ ಇಳಿಜಾರನ್ನು ಮಟ್ಟದ ನಳಿಗೆ ಹಿಡಿದು ನೋಡಿಸುವುದಿಲ್ಲ. ಹಿಡಿದು ನೋಡಿಸಿರಿ.

ಈಗ ಸೊರಟೂರಿನಂಥ ಊರುಗಳ ನಿಜವಾದ ಕಷ್ಟಕ್ಕೆ ಬರುತ್ತೇನೆ. ಅದು ಪೈಪಿನಲ್ಲಿಲ್ಲ, ಮಣ್ಣಿನಲ್ಲಿದೆ. 2019ರಲ್ಲಿ ಜಲಜೀವನ ಮಿಷನ್ ಬಂತು, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಮನೆ ಬಾಗಿಲಿಗೆ ಎಂದಿತು. ಒಳ್ಳೆಯದು, ಕೊಡ ಹೊತ್ತ ಹೆಗಲಿಗೆ ವಿಶ್ರಾಂತಿ ಬೇಕೇಬೇಕು. ಐದು ಜನರ ಮನೆಗೆ 275 ಲೀಟರ್ ಬಂದರೆ ಅದರಲ್ಲಿ ಸುಮಾರು 200 ಲೀಟರಿಗೂ ಮೇಲೆ ಬಚ್ಚಲು, ಸಿಂಕುಗಳಿಂದ ಹೊರಗೆ ಹೋಗಬೇಕು. ಎಲ್ಲಿಗೆ? ಅದಕ್ಕಾಗಿ ಉದ್ಯೋಗ ಖಾತ್ರಿಯಡಿ ಮನೆಮನೆಗೆ ಬಚ್ಚಲು ಗುಂಡಿ ತೋಡಿಸಿದರು. ಕಲ್ಲು, ಜಲ್ಲಿ ತುಂಬಿದ ಗುಂಡಿಯಲ್ಲಿ ನೀರು ಇಂಗಿ ಹೋಗುತ್ತದೆ ಎಂಬ ಲೆಕ್ಕ. ಕಪ್ಪತಗುಡ್ಡದ ಬದಿಯ ಕೆಂಪು, ಗರಸು ಮಣ್ಣಿನಲ್ಲಿ ಈ ಲೆಕ್ಕ ಸರಿಹೋಗುತ್ತದೆ. ಎರೆ ಭೂಮಿಯಲ್ಲಿ ಹೋಗುವುದಿಲ್ಲ. ಎರೆ ಮಣ್ಣು ನೀರು ಕುಡಿದರೆ ಉಬ್ಬಿ ತನ್ನ ಸಂದುಗಳನ್ನೆಲ್ಲ ತಾನೇ ಮುಚ್ಚಿಕೊಳ್ಳುತ್ತದೆ, ಆಮೇಲೆ ನೀರು ಇಳಿಯುವುದು ಬಹಳ ನಿಧಾನ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿದು ಮಳೆಗಾಲದಲ್ಲಿ ಮತ್ತೆ ಉಬ್ಬುವ ಈ ಮಣ್ಣು ಹೂತ ಪೈಪನ್ನೂ ಎತ್ತಿ ಇಳಿಸಿ ಜಾಯಿಂಟು ಬಿಡಿಸುತ್ತದೆ. ಇಂಥ ಮಣ್ಣಿನ ಗುಂಡಿಗೆ ಜಿಡ್ಡಿನ ನೀರು ಬಿಟ್ಟರೆ ಉಳಿದಿದ್ದ ಸಣ್ಣ ರಂಧ್ರಗಳಿಗೂ ಬೆಣೆ ಹೊಡೆದಂತೆ. ಜಲ್ಲಿಯ ಮೇಲೆ ಜಿಡ್ಡಿನ ಲೇಪ ಕೂತು, ಅದರ ಮೇಲೆ ಸೂಕ್ಷ್ಮಾಣುಗಳ ಲೋಳೆ ಬೆಳೆದು, ಗುಂಡಿ ತುಂಬಿ ಅಂಗಳಕ್ಕೆ ಬರುತ್ತದೆ. ಆಗ ಮನೆಯವರು ಪೈಪನ್ನು ಗುಂಡಿಯಿಂದ ತೆಗೆದು ಮತ್ತೆ ಗಟಾರಕ್ಕೆ ಜೋಡಿಸುತ್ತಾರೆ, "ಗುಂಡಿ ಉಪಯೋಗ ಇಲ್ಲ" ಎಂದು ಊರೆಲ್ಲ ಹೇಳುತ್ತಾರೆ. ಗುಂಡಿಯನ್ನು ಕೊಂದದ್ದು ಎಣ್ಣೆ. ಗುಂಡಿಗೆ ಮೊದಲು ಒಂದು ಜಿಡ್ಡು ತಡೆಯುವ ಸಣ್ಣ ತೊಟ್ಟಿ ಕಟ್ಟಿಸದೆ ಬಿಟ್ಟದ್ದು ಯೋಜನೆಯ ಕೊರತೆ. ಗದಗಿನಲ್ಲಿಯೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಎರೆ ಮಣ್ಣಿಗೆ ಹೊಂದುವ ಬಚ್ಚಲು ಗುಂಡಿ ಹೇಗಿರಬೇಕು ಎಂಬುದಕ್ಕಿಂತ ಹತ್ತಿರದ ವಿಷಯ ಅದಕ್ಕೆ ಬೇರೆ ಯಾವುದಿದೆ?

ಇನ್ನೊಂದು ಮಾತನ್ನು ಬಹಳ ಜನ ನಂಬಿಕೊಂಡಿದ್ದಾರೆ: ಗಟಾರಕ್ಕೆ ಎಣ್ಣೆ ಹೋದರೆ ಒಳ್ಳೆಯದೇ, ಸೊಳ್ಳೆಮರಿ ಸಾಯುತ್ತವೆ. ನಿಂತ ನೀರಿಗೆ ಎಣ್ಣೆ ಸಿಂಪಡಿಸುತ್ತಿದ್ದ ಆರೋಗ್ಯ ಇಲಾಖೆಯ ಹಳೆಯ ಕ್ರಮವನ್ನು ಅವರು ನೆನೆಯುತ್ತಾರೆ. ಆ ಎಣ್ಣೆಯೇ ಬೇರೆ, ಅದು ನೀರಿನ ಮೇಲೆ ಕಾಗದದಷ್ಟು ತೆಳ್ಳಗೆ ಎಲ್ಲ ಕಡೆ ಹರಡಿ ಮರಿಗಳ ಉಸಿರು ಕಟ್ಟಿಸಲೆಂದೇ ಮಾಡಿದ್ದು, ಮತ್ತು ಅದನ್ನು ಮೇಲಿಂದ ಮೇಲೆ ಸಿಂಪಡಿಸುತ್ತಿರಬೇಕು. ಅಡುಗೆಯ ಜಿಡ್ಡು ಹಾಗೆ ಹರಡುವುದಿಲ್ಲ, ಮುದ್ದೆಯಾಗಿ ಕೂತು ಗಟಾರದ ಹರಿವನ್ನು ತಡೆಯುತ್ತದೆ. ತಡೆದ ಕಡೆ ನೀರು ನಿಲ್ಲುತ್ತದೆ. ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯಿಡಲು ಹುಡುಕುವುದೇ ಇಂಥ ನಿಂತ ಹೊಲಸು ನೀರನ್ನು. ಜಿಡ್ಡು ಸೊಳ್ಳೆ ಕೊಲ್ಲುವುದಿಲ್ಲ, ಸೊಳ್ಳೆಗೆ ಮನೆ ಕಟ್ಟಿಕೊಡುತ್ತದೆ.

"ಒಂದ್ ಚಮಚ ಎಣ್ಣಿಯಿಂದ ಏನ ಆಗತೈತ್ರಿ?" ಎಂಬುದು ಎಲ್ಲರ ಕೊನೆಯ ಆಸರೆ. ಲೆಕ್ಕ ಹಾಕೋಣ. ಒಂದು ದೊಡ್ಡ ಚಮಚ ಎಂದರೆ 15 ಮಿಲಿಲೀಟರ್. ಸಾವಿರ ಮನೆಯ ಒಂದು ಊರು ಎಂದಿಟ್ಟುಕೊಳ್ಳಿ. ಮನೆಗೊಂದು ಚಮಚದಂತೆ ದಿನಕ್ಕೆ 15 ಲೀಟರ್, ಅಂದರೆ ದಿನಾಲು ಒಂದು ಡಬ್ಬಿ ಎಣ್ಣೆಯನ್ನು ಊರಿನವರೆಲ್ಲ ಕೂಡಿ ಗಟಾರಕ್ಕೆ ಸುರಿದಂತೆ. ವರ್ಷಕ್ಕೆ 365 ಡಬ್ಬಿ. ಮದುವೆಯ ಅಡುಗೆ, ಜಾತ್ರೆಯ ದಾಸೋಹ, ಖಾನಾವಳಿ, ಭಜಿ ಗಾಡಿಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಲಂಡನ್ ನಗರದ ವೈಟ್‌ಚಾಪೆಲ್ ಬೀದಿಯ ಕೆಳಗೆ 2017ರಲ್ಲಿ ಸುಮಾರು 130 ಟನ್ ತೂಕದ, 250 ಮೀಟರ್ ಉದ್ದದ ಜಿಡ್ಡಿನ ಬಂಡೆ ಸಿಕ್ಕಿತು. ಒರೆಸುವ ಬಟ್ಟೆ, ಕಸ ಎಲ್ಲ ಅದರಲ್ಲಿ ಹೆಣೆದುಕೊಂಡಿದ್ದವು. ಕೆಲಸಗಾರರು ಅದನ್ನು ವಾರಗಟ್ಟಲೆ ಒಡೆದು ತೆಗೆದರು, ಅದರ ಒಂದು ತುಂಡನ್ನು ಮರುವರ್ಷ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಜನರಿಗೆ ತೋರಿಸಿದರು. ಮನೆಮನೆಯಲ್ಲೂ ಬಿಸಿನೀರಿನ ನಲ್ಲಿ ಇರುವ ಊರು ಅದು. ಬಿಸಿನೀರಿನಿಂದ ಜಿಡ್ಡು ಕರಗುವುದಾಗಿದ್ದರೆ ಲಂಡನ್ನಿನಲ್ಲಿ ಕರಗಬೇಕಿತ್ತು.

ಅಲ್ಲಿ ಯಂತ್ರಗಳಿದ್ದವು, ಮೈತುಂಬ ರಕ್ಷಣೆಯ ಉಡುಪು ಇತ್ತು. ನಮ್ಮ ಗಟಾರದ ಜಿಡ್ಡನ್ನು ಯಾರು ತೆಗೆಯುತ್ತಾರೆ? ಪಂಚಾಯಿತಿ ನೋಡಿಕೊಳ್ಳಲಿ ಎನ್ನುವಾಗ ನಮ್ಮ ಕಣ್ಣ ಮುಂದೆ ಒಂದು ಕಚೇರಿ ಇರುತ್ತದೆ. ಆದರೆ ಕಚೇರಿ ಗಟಾರಕ್ಕೆ ಇಳಿಯುವುದಿಲ್ಲ. ಇಳಿಯುವವರು ಸ್ವಚ್ಛತಾಗಾರರು, ಸಲಿಕೆ ಹಿಡಿದು, ಬಹಳ ಸಲ ಬರಿಗಾಲಲ್ಲಿ. ಸಲಿಕೆಗೆ ಬಾರದ್ದನ್ನು ಕೈಯಿಂದ ತೆಗೆಯುತ್ತಾರೆ. ಒಳಚರಂಡಿ ಇರುವ ಪಟ್ಟಣಗಳಲ್ಲಿ ಕತೆ ಇನ್ನೂ ಘೋರ. ಜಿಡ್ಡಿನಿಂದ ಕಟ್ಟಿದ ಮ್ಯಾನ್‌ಹೋಲಿನಲ್ಲಿ ಹೈಡ್ರೋಜನ್ ಸಲ್ಫೈಡ್ ಕಟ್ಟಿಕೊಂಡಿರುತ್ತದೆ, ಹೆಚ್ಚಾದರೆ ಮೂಗಿಗೆ ಅದರ ವಾಸನೆ ಕೂಡ ಗೊತ್ತಾಗುವುದಿಲ್ಲ, ಇಳಿದವರು ಅಲ್ಲೇ ಕುಸಿಯುತ್ತಾರೆ. ಮಲ ಹೊರುವ ಪದ್ಧತಿಯನ್ನು ಕರ್ನಾಟಕ 70ರ ದಶಕದಲ್ಲಿ, ದೇವರಾಜ ಅರಸರ ಸರಕಾರದಲ್ಲಿ ಬಿ. ಬಸವಲಿಂಗಪ್ಪ ಸಚಿವರಾಗಿದ್ದಾಗಲೇ ನಿಷೇಧಿಸಿತ್ತು. 2013ರಲ್ಲಿ ಕೇಂದ್ರದ ಕಾಯ್ದೆ ಬಂತು, ರಕ್ಷಣೆಯಿಲ್ಲದೆ ಚರಂಡಿ, ಸೆಪ್ಟಿಕ್ ಗುಂಡಿಗಳಿಗೆ ಮನುಷ್ಯರನ್ನು ಇಳಿಸುವುದು ಅಪರಾಧವಾಯಿತು. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದು 2014ರಲ್ಲಿ, 30 ಲಕ್ಷ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂದದ್ದೇ ಸಾವು ನಿಂತಿಲ್ಲ ಎಂಬುದಕ್ಕೆ ಸಾಕ್ಷಿ. ಲಕ್ಷ್ಮೇಶ್ವರದಿಂದ ಸವಣೂರು ದೂರವೇನಲ್ಲ. 2010ರ ಜುಲೈನಲ್ಲಿ ಅಲ್ಲಿನ ಸಫಾಯಿ ಕೆಲಸದ ಕುಟುಂಬಗಳ ಜನ ತಮ್ಮ ಮನೆ ಬಿಡಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನಾವು ಚೆಲ್ಲಿದ್ದನ್ನು ತಲೆಮಾರುಗಳಿಂದ ಎತ್ತುತ್ತ ಬಂದವರಿಗೆ ತಮ್ಮ ಮಾತು ಕೇಳಿಸಲು ಆ ದಾರಿ ಹಿಡಿಯಬೇಕಾಯಿತು. ಇದನ್ನು ತಿಳಿದೂ ಕಡಾಯಿಯ ಎಣ್ಣೆಯನ್ನು ಗಟಾರಕ್ಕೆ ಚೆಲ್ಲಿ "ಅವರು ನೋಡಿಕೊಳ್ಳಲಿ" ಎನ್ನುವುದು ನನ್ನ ಪ್ರಕಾರ ಅಡುಗೆಮನೆಯ ಸಣ್ಣ ನಿರ್ಲಕ್ಷ್ಯವಲ್ಲ. ಅದು ಹಳೆಯ ಜಾತಿ ವ್ಯವಸ್ಥೆ ಹೊಸ ಪೈಪಿನಲ್ಲಿ ಮುಂದುವರಿದದ್ದು.

ಹಾಗಾದರೆ ಏನು ಮಾಡಬೇಕು? ಮನೆಯಲ್ಲಿ ಮಾಡಬೇಕಾದದ್ದು ಬಹಳ ಕಡಿಮೆ. ತಾಟು, ಕಡಾಯಿಗಳನ್ನು ತೊಳೆಯುವ ಮೊದಲು ರದ್ದಿ ಪೇಪರಿನಿಂದಲೋ ಹಿಡಿ ಬೂದಿಯಿಂದಲೋ ಹೊಟ್ಟಿನಿಂದಲೋ ಒರೆಸುವುದು. ಉಂಡವರೇ ತಮ್ಮ ತಾಟು ಒರೆಸಲಿ, ಗಂಡಸರು ಮೊದಲು. ಸೊರಟೂರಿನ ಕಡೆ ಈಗಲೂ ಸ್ನಾನದ ನೀರನ್ನು ಹತ್ತಿಕಟ್ಟಿಗೆ, ಕುಳ್ಳು ಉರಿಸಿ ಕಾಯಿಸುವ ಮನೆಗಳಿವೆ. ಎಣ್ಣೆ ಹೀರಿದ ಕಾಗದ ನೀರೊಲೆಗೆ ಹೋದರೆ ಬೆಂಕಿ ಬೇಗ ಹತ್ತುತ್ತದೆ, ನಾಳೆ ಒರೆಸಲು ಬೂದಿಯೂ ಸಿಗುತ್ತದೆ. ಸಿಂಕಿಗೆ ಸಣ್ಣ ಕಣ್ಣಿನ ಜಾಳಿಗೆ. ತಿಂಗಳಿಗೊಮ್ಮೆ ಕೆಳಗೆ ಬಕೀಟಿಟ್ಟು ಬೆಂಡು ಬಿಚ್ಚಿ ಕೆರೆದು ತೆಗೆದು, ಆ ಕೊಳೆಯನ್ನು ತಿಪ್ಪೆಗೆ ಹಾಕುವುದು. ಮತ್ತೆ ಸಿಂಕಿಗೇ ತೊಳೆದು ಬಿಡಬಾರದು. ಬೆಂಡಿನ ಆಚೆ ಕಟ್ಟಿದ್ದರೆ ಸ್ಪ್ರಿಂಗ್ ತಂತಿ ತೂರಿಸಿ ತಿರುಗಿಸಬೇಕು, ಪುಡಿ ಬೇಡ, ಆಸಿಡ್ ಬೇಡ. ಸೂಕ್ಷ್ಮಾಣು ಇರುವ ಪುಡಿಗಳು ನಿಧಾನಕ್ಕೆ ಸ್ವಲ್ಪ ಕೆಲಸ ಮಾಡುತ್ತವೆ, ಆದರೆ ಅವುಗಳ ಮೇಲೆ ಭಾರ ಹಾಕಿ ಎಣ್ಣೆ ಸುರಿಯಬಾರದು.

ಹೆಚ್ಚು ಎಣ್ಣೆ ಬರುವುದು ಬೇರೆ ಕಡೆಯಿಂದ. ಮಿರ್ಚಿ ಭಜಿ ಇಲ್ಲದ ಸಂಜೆ ಗದಗಿನಲ್ಲಿ ಇಲ್ಲ. ಗಿರ್ಮಿಟ್ಟಿನ ಜೊತೆ ಬಿಸಿ ಭಜಿ ನನಗೂ ಬೇಕು. ಆದರೆ ಕಡಾಯಿಯಲ್ಲಿ ಕೊನೆಗೆ ಉಳಿಯುವ ಕಪ್ಪು ಎಣ್ಣೆ ಎಲ್ಲಿ ಹೋಗುತ್ತದೆ? ನಾಳೆಯ ಭಜಿಗೆ ಹೋದರೆ ತಿನ್ನುವವರ ಹೊಟ್ಟೆ ಕೆಡುತ್ತದೆ, ಗಟಾರಕ್ಕೆ ಹೋದರೆ ಊರು ಕೆಡುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ಕರಿದ ಎಣ್ಣೆಯಲ್ಲಿ, ಅದು ಕಾದು ಕಾದು ಒಡೆದಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇಕಡಾ 25 ಮೀರಿದರೆ ಅದನ್ನು ಬಳಸಕೂಡದೆಂದು ನಿಯಮ ಮಾಡಿತು. ಅದೇ ಆಗಸ್ಟಿನಲ್ಲಿ ಬಳಸಿದ ಎಣ್ಣೆ ಸಂಗ್ರಹಿಸಿ ಬಯೋಡೀಸೆಲ್ ಮಾಡುವ 'ರುಕೋ' ಕಾರ್ಯಕ್ರಮ ಶುರುವಾಯಿತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಅದರ ಲೆಕ್ಕ ಇಡಬೇಕು. ನಮ್ಮ ಭಜಿ ಗಾಡಿಗಳು, ಖಾನಾವಳಿಗಳು ಅಷ್ಟು ದೊಡ್ಡವಲ್ಲ, ಹಾಗಾಗಿ ಆ ನಿಯಮ ಅವರನ್ನು ಮುಟ್ಟುವುದಿಲ್ಲ, ಸಂಗ್ರಹದ ಗಾಡಿಯೂ ಐದಾರು ಲೀಟರಿಗಾಗಿ ಹಳ್ಳಿಯವರೆಗೆ ಬರುವುದಿಲ್ಲ. ಒಬ್ಬೊಬ್ಬರಿಂದ ಆಗದ್ದನ್ನು ಹತ್ತು ಜನ ಕೂಡಿ ಮಾಡುವುದು ಈ ಜಿಲ್ಲೆಗೆ ಹೊಸದಲ್ಲ. ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗಿನ ಕಣಗಿನಹಾಳದಲ್ಲಿ. ಸೊಸೈಟಿಯ ಅಂಗಳದಲ್ಲಿ, ಹಾಲಿನ ಡೇರಿಯಲ್ಲಿ ಒಂದೊಂದು ಡ್ರಮ್ಮು ಇಟ್ಟು ಊರಿನ ಕರಿದ ಎಣ್ಣೆ ಕೂಡಿಸಿದರೆ, ಬಯೋಡೀಸೆಲ್‌ನವರು ತಾವೇ ಹಣ ಕೊಟ್ಟು ಒಯ್ಯುವಷ್ಟಾಗುತ್ತದೆ. ಬಿಸಾಡುವುದಕ್ಕೆ ಬೆಲೆ ಬಂದರೆ ಯಾರೂ ಗಟಾರಕ್ಕೆ ಚೆಲ್ಲುವುದಿಲ್ಲ.

ಕಲ್ಯಾಣ ಮಂಟಪ, ಮಠದ ದಾಸೋಹದ ಅಡುಗೆಮನೆ, ಶಾಲೆಯ ಬಿಸಿಯೂಟದ ಕೋಣೆ, ಹಾಸ್ಟೆಲ್ಲುಗಳಿಗೆ ಜಿಡ್ಡು ತೊಟ್ಟಿ ಇರಲೇಬೇಕು. ದೊಡ್ಡ ವಿದ್ಯೆಯೇನೂ ಬೇಡ. ಇಟ್ಟಿಗೆಯ ಒಂದು ತೊಟ್ಟಿ, ನಡುವೆ ಅಡ್ಡ ಗೋಡೆ. ನೀರು ಒಳಗೆ ಬಂದು ತಣ್ಣಗಾಗಿ ನಿಲ್ಲುವಷ್ಟು ಜಾಗ. ಎಣ್ಣೆ ಮೇಲೆ ತೇಲುತ್ತದೆ, ಕಾಳು ಕಡ್ಡಿ ತಳಕ್ಕೆ ಇಳಿಯುತ್ತವೆ, ಹೊರಗೆ ಹೋಗುವ ಟಿ ಪೈಪಿನ ಬಾಯಿ ಎರಡಕ್ಕೂ ನಡುವಿನ ಆಳದಲ್ಲಿರುವುದರಿಂದ ನಡುವಿನ ನೀರಷ್ಟೇ ಆಚೆ ಹೋಗುತ್ತದೆ. ಮೇಲಿನ ಮುಚ್ಚಳ ಒಬ್ಬರೇ ಎತ್ತುವಷ್ಟು ಹಗುರ ಇರಬೇಕು, ವಾರಕ್ಕೊಮ್ಮೆ ಕೆನೆಗಟ್ಟಿದ ಜಿಡ್ಡನ್ನು ಸೌಟಿನಿಂದ ತೆಗೆಯಬೇಕು. ತೆಗೆಯದಿದ್ದರೆ ತೊಟ್ಟಿ ಇದ್ದೂ ಇಲ್ಲದಂತೆ. ತೆಗೆಯುವುದು ಆ ಅಡುಗೆಮನೆ ನಡೆಸುವವರ ಕೆಲಸ, ಕೈಗವಸು ಹಾಕಿಕೊಂಡು ಅವರೇ ಮಾಡಲಿ. ಇದಕ್ಕೆ ಪಂಚಾಯಿತಿಯ ಸ್ವಚ್ಛತಾಗಾರರನ್ನು ಕರೆಸಬಾರದು.

ಸೊರಟೂರಿನ, ಮುಳಗುಂದದ, ಶಿರಹಟ್ಟಿಯ, ಲಕ್ಷ್ಮೇಶ್ವರದ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಗ್ರಾಮಸಭೆಗೆ, ವಾರ್ಡ್ ಸಭೆಗೆ ಹೋಗಿರಿ, ಹೋದಾಗ ಗಟಾರದ ಹೂಳೆತ್ತುವ ಬೇಡಿಕೆಯ ಜೊತೆಗೇ ಮೂರು ಠರಾವು ಬರೆಸಿರಿ. ಜಿಡ್ಡು ತೊಟ್ಟಿ ಇಲ್ಲದ ಕಲ್ಯಾಣ ಮಂಟಪಕ್ಕೂ ಹೋಟೆಲಿಗೂ ಪರವಾನಗಿ ಕೊಡಬಾರದು, ಇದ್ದದ್ದನ್ನು ನವೀಕರಿಸಬಾರದು. ಎರೆ ಮಣ್ಣಿನ ಓಣಿಗಳಲ್ಲಿ ಇನ್ನು ಮುಂದೆ ತೋಡುವ ಪ್ರತಿ ಬಚ್ಚಲು ಗುಂಡಿಗೂ ಮೊದಲು ತೊಟ್ಟಿಯ ಖರ್ಚನ್ನು ಅಂದಾಜಿನಲ್ಲಿಯೇ ಸೇರಿಸಬೇಕು. ಊರಿಗೊಂದು ಕರಿದ ಎಣ್ಣೆಯ ಡ್ರಮ್ಮು ಇಡಬೇಕು. ಮೂರಕ್ಕೂ ದೊಡ್ಡ ಹಣ ಬೇಕಿಲ್ಲ, ಮೂರೂ ಊರಿನ ಸ್ಥಳೀಯ ಆಡಳಿತದ ಕೈಯಲ್ಲಿವೆ.